ಎರಡು ಹೊಳೆಗಳ ನಾಡಿಗೆ ಹೋದವನು

ನನಗೆ ಇತಿಹಾಸದ ಮೇಲೆ ಪ್ರೀತಿ ಇತ್ತು ಅಂತ ಪಾಣೆಮಂಗಳೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಹಂಚಿನ ಕಾರ್ಖಾನೆಯ ಅಚ್ಚಿನ ಯಂತ್ರಕ್ಕೆ ನನ್ನ ಬಲಗೈಯ ಮೂರು ಬೆರಳು ಹೋಗಿದ್ದವು. ಉಳಿದ ಎರಡು ಇದ್ದೂ ಇಲ್ಲದ ಹಾಗೆ. ಬಿಸಿ ಚಹಾದ ಲೋಟ ಹಿಡಿದರೂ ಬಿಸಿ ಅಂತ ಗೊತ್ತಾಗುತ್ತಿರಲಿಲ್ಲ. ಅಂಥ ಕೈಯಲ್ಲಿ ಬೀಡಿ ಕಟ್ಟಲು ಆಗುವುದಿಲ್ಲ. ಎಂಟನೆಯ ಕ್ಲಾಸಿನವರೆಗೆ ಕಲಿತಿದ್ದೆ, ಗಂಟಲು ದೊಡ್ಡದಿತ್ತು. ಹಾಗಾಗಿ ಬೀಡಿ ಕಟ್ಟುವವರಿಗೆ ಓದಿ ಹೇಳುವ ಕೆಲಸಕ್ಕೆ ಸೇರಿದೆ.

ಅದೂ ಒಂದು ಕೆಲಸವಾ ಅಂತ ಈಗಿನವರು ಕೇಳುತ್ತಾರೆ. ಆಗ ಅದು ಕೆಲಸವೇ. ಸೇತುವೆಯ ಈಚೆ, ಹಂಚಿನ ಮಾಡಿನ ಒಂದು ಉದ್ದನೆಯ ಕೋಣೆ. ಮಡಿಲಲ್ಲಿ ತಡಪೆ, ಅಂದರೆ ಮೊರ, ಇಟ್ಟುಕೊಂಡು ನಲವತ್ತು ಜನ ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. ಬೆಳಿಗ್ಗೆ ನಾನು ಪೇಪರು ಓದಬೇಕು, ಮಧ್ಯಾಹ್ನದ ಗಂಜಿಯ ನಂತರ ಪುಸ್ತಕ. ನನ್ನ ಸಂಬಳಕ್ಕೆ ಅಂತ ಪ್ರತಿಯೊಬ್ಬರೂ ದಿನಕ್ಕೆ ಒಂದು ಕಟ್ಟು ಬೀಡಿ ಹೆಚ್ಚಿಗೆ ಕಟ್ಟಿ ಕೊಡುತ್ತಿದ್ದರು. ಧಣಿಗೆ ಇದರಲ್ಲಿ ನಷ್ಟವಿಲ್ಲ. ಅವನು ಗಡ್ಡ ಕೆರೆದುಕೊಂಡು ಸುಮ್ಮನಿದ್ದ.

ಓದುವವನಿಗೆ ಎರಡು ಕಟ್ಟಳೆ ಇತ್ತು. ಬಿಡಬಾರದು, ಸೇರಿಸಬಾರದು. ಈ ಕಟ್ಟಳೆ ಮಾಡಿದವನು ಮಮ್ಮು, ನಮ್ಮಲ್ಲಿ ಎಲ್ಲರಿಗಿಂತ ಹಳಬ. ಅವನಿಗೆ ಕನ್ನಡ ಓದಲು ಬಾರದು, ಆದರೆ ಓದು ಎಲ್ಲಿ ಹಾರಿತು ಅಂತ ಗೊತ್ತಾಗುತ್ತಿತ್ತು. ಒಂದು ಸಲ ನಾನು ಬಾಯಿ ತಿರುಗದ ಹತ್ತು ರಾಜರ ಹೆಸರು ನುಂಗಿ ಮುಂದಿನ ಸಾಲಿಗೆ ಹೋದೆ. ಮಮ್ಮು ತಲೆ ಎತ್ತದೆ, ಆ ರಾಜರೆಲ್ಲ ಎಲ್ಲಿಗೆ ಹೋದರು, ನೇತ್ರಾವತಿಯಲ್ಲಿ ಬಿದ್ದರಾ ಅಂತ ಕೇಳಿದ. ಆ ದಿನ ನನಗೆ ಒಂದು ಬೀಡಿಯೂ ಸಿಗಲಿಲ್ಲ.

ಕತೆ ಪುಸ್ತಕ ಓದಿ ಓದಿ ಬೇಜಾರಾದಾಗ, ಲೋಕದ ಸಂಗತಿ ಏನಾದರೂ ತಾ ಅಂತ ಅವರೇ ಹೇಳಿದರು. ಮೂಡಬಿದ್ರೆಯ ಹತ್ತಿರ ಪುತ್ತಿಗೆಯಲ್ಲಿ ನನಗೆ ಕಲಿಸಿದ ವೆಂಕಟೇಶ್ವರ ಭಟ್ಟ ಮಾಸ್ಟ್ರು ಇದ್ದರು. ಬಸ್ಸು ಹಿಡಿದು ಹೋಗಿ ಕೇಳಿದೆ. ಅವರು ಅಟ್ಟದಿಂದ ಒಂದು ದಪ್ಪ ಪುಸ್ತಕ ಇಳಿಸಿ, ಧೂಳು ಕೊಡವಿ, ಎಣ್ಣೆ ಕೈಯಲ್ಲಿ ಮುಟ್ಟಬೇಡ ಅಂತ ಹೇಳಿ ಕೊಟ್ಟರು. ಲೋಕದ ಚರಿತ್ರೆ. ಮನುಷ್ಯ ಕಲ್ಲು ಕೆತ್ತಿದಲ್ಲಿಂದ ಶುರು. ಎಂಟುನೂರು ಪುಟ, ಇಟ್ಟಿಗೆಯ ತೂಕ. ಇದು ಐವತ್ತಾರನೆಯ ಇಸವಿಯ ಮಾತು.

ವಾರಕ್ಕೆ ಮೂರು ಮಧ್ಯಾಹ್ನ ಆ ಪುಸ್ತಕ ಅಂತ ತೀರ್ಮಾನವಾಯಿತು. ಮೊದಲ ವಾರ ಬೆಂಕಿ, ಗುಹೆ, ಕಾಡುಪ್ರಾಣಿ. ಎರಡನೆಯ ವಾರ ಬೇಸಾಯ. ಗೋಧಿ ಬಿತ್ತಿದ ಮೇಲೆ ಮನುಷ್ಯ ಒಂದೇ ಕಡೆ ನಿಂತ, ಗೋಡೆ ಕಟ್ಟಿದ, ಗೋಡೆ ಕಟ್ಟಿದ ಮೇಲೆ ಪಕ್ಕದವನ ಜೊತೆ ಜಗಳ ಮಾಡಿದ ಅಂತ ಬರೆದಿತ್ತು. ಇದಕ್ಕೆ ಪುಸ್ತಕ ಬೇಕಾ, ನಮ್ಮ ಬಾವಂದಿರನ್ನು ನೋಡಿದರೆ ಸಾಕು ಅಂತ ಯಾರೋ ಹೇಳಿದರು. ನಗು ಬಂತು. ಆಮೇಲೆ ಮೊದಲ ಪಟ್ಟಣದ ಅಧ್ಯಾಯ ಬಂತು. ಎರಡು ದೊಡ್ಡ ನದಿಗಳು ಕೂಡುವ ಬಯಲು, ಖರ್ಜೂರದ ತೋಟಗಳು, ಕಲ್ಲು ಸಿಗದ ನಾಡು, ಎಲ್ಲವನ್ನೂ ಇಟ್ಟಿಗೆಯಿಂದ ಕಟ್ಟಿದ್ದರು, ಈಗಲೂ ಅಲ್ಲಿಯ ಮಣ್ಣಿನ ದಿಬ್ಬ ಅಗೆದರೆ ಐದು ಸಾವಿರ ವರ್ಷದ ಇಟ್ಟಿಗೆ ಸಿಗುತ್ತದೆ ಅಂತ ಓದಿದೆ.

"ಅಲ್ಲಿ ನನ್ನ ಮಗ ಇದ್ದಾನೆ."

ಹೇಳಿದವಳು ಅಮ್ಮಣ್ಣಿ. ಕೋಣೆಯ ಬಾಗಿಲ ಹತ್ತಿರ ಕೂತು ಬೀಡಿ ಎಲೆ ನೆನೆಸಿ, ಅಳತೆಗೆ ಸರಿಯಾಗಿ ಕತ್ತರಿಸಿ ಕೊಡುವ ಹೆಂಗಸು. ಐವತ್ತೈದು ದಾಟಿತ್ತು, ಗಂಡ ಸತ್ತು ಬಹಳ ಕಾಲವಾಗಿತ್ತು. ಎಂಟು ವರ್ಷ ಅದೇ ಜಾಗದಲ್ಲಿ ಕೂತಿದ್ದರೂ ಅವಳ ಸ್ವರ ನಮ್ಮಲ್ಲಿ ಅರ್ಧ ಜನ ಕೇಳಿರಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಮ್ಮಣ್ಣಕ್ಕ, ಇದು ಐದು ಸಾವಿರ ವರ್ಷದ ಹಿಂದಿನ ಸುದ್ದಿ ಅಂದೆ. ಅವಳು ತನ್ನಷ್ಟಕ್ಕೆ ಎಲೆ ಕತ್ತರಿಸಿದಳು. ಮರುದಿನ ಸೆರಗಿನ ಗಂಟಿನಿಂದ ಒಂದು ಕಾರ್ಡು ಬಿಚ್ಚಿ ನನ್ನ ಮುಂದೆ ಇಟ್ಟಳು.

ನಲವತ್ತೆರಡನೆಯ ಇಸವಿಯ ಕಾರ್ಡು. ಬರೆದವನು ಅವಳ ಒಬ್ಬನೇ ಮಗ ರಮಾನಾಥ. ಮುಂಡಾಜೆಯ ರಸ್ತೆ ಕೆಲಸದಲ್ಲಿ ಜಲ್ಲಿ ಹೊರುತ್ತಿದ್ದ ಹುಡುಗ. ಹತ್ತೊಂಬತ್ತು ವರ್ಷಕ್ಕೆ ಮಂಗಳೂರಿನ ಒಬ್ಬ ಕಂಟ್ರಾಕ್ಟರನ ಕೂಲಿಯಾಗಿ ಯುದ್ಧದ ಹಡಗು ಹತ್ತಿದ. ಸಿಪಾಯಿ ಅಲ್ಲ, ಬರೀ ಕೂಲಿ. ಕಾರ್ಡಿನಲ್ಲಿ ಊರಿನ ಹೆಸರಿದ್ದ ಜಾಗಕ್ಕೆ ಸೈನ್ಯದವರು ದಪ್ಪ ಮಸಿ ಬಳಿದಿದ್ದರು. ಉಳಿದದ್ದು ಓದಲು ಬರುತ್ತಿತ್ತು. ಅಮ್ಮಾ, ನಾನು ಕ್ಷೇಮ. ಇಲ್ಲಿ ಎರಡು ಹೊಳೆ ಕೂಡುತ್ತವೆ, ನಮ್ಮ ಉಪ್ಪಿನಂಗಡಿಯ ಹಾಗೆ. ಖರ್ಜೂರದ ಮರ ತುಂಬ ಉಂಟು. ರಸ್ತೆಗೆ ಅಗೆಯುವಾಗ ಹಳೇ ಇಟ್ಟಿಗೆ ಸಿಗುತ್ತದೆ, ರಾಜರ ಕಾಲದ್ದಂತೆ. ಕೆಲಸ ಮುಗಿದ ಮೇಲೆ ಬರುತ್ತೇನೆ. ಅಷ್ಟೇ. ಆಮೇಲೆ ಹದಿನಾಲ್ಕು ವರ್ಷ ಒಂದು ಸಾಲೂ ಬರಲಿಲ್ಲ. ಯುದ್ಧ ಮುಗಿದು ಅವಳು ಮಂಗಳೂರಿಗೆ ಹೋದಾಗ ಕಂಟ್ರಾಕ್ಟರನ ಆಫೀಸಿದ್ದ ಜಾಗದಲ್ಲಿ ಮೈದಾ ಹಿಟ್ಟಿನ ಗೋದಾಮು ಇತ್ತು.

ಕಾರ್ಡನ್ನು ಅವಳು ಊರಿನ ಎಷ್ಟೋ ಓದು ಬಲ್ಲವರಿಗೆ ತೋರಿಸಿದ್ದಳಂತೆ. ಬರ್ಮಾ ಅಂದವರುಂಟು, ಸಿಂಗಾಪುರ ಅಂದವರುಂಟು. ನಾನು ಪುಸ್ತಕ ಬಿಡಿಸಿ, ಕಾರ್ಡು ಪಕ್ಕಕ್ಕೆ ಇಟ್ಟು, ಹೊಳೆ, ಮರ, ಇಟ್ಟಿಗೆ ಮೂರನ್ನೂ ಸರಿನೋಡಿದೆ. ಸುಳ್ಳಲ್ಲ, ಅದೇ ನಾಡು. ನಾನು ದೊಡ್ಡ ಜನ ಆದೆ. ನಲವತ್ತು ಜನರ ಮುಂದೆ, ಇವಳ ಮಗ ಹೋದದ್ದು ಇರಾಕಿಗೆ, ಬಸ್ರಾದ ಹತ್ತಿರ ಅಂತ ಜಡ್ಜನ ಹಾಗೆ ತೀರ್ಪು ಕೊಟ್ಟೆ. ಮಮ್ಮು ಕೂಡ ತಲೆ ಎತ್ತಿ ನೋಡಿದ.

ಅಮ್ಮಣ್ಣಿಗೆ ಅಷ್ಟು ಸಾಕಾಯಿತು. ಮಸಿ ಬಳಿದ ಊರನ್ನು ಹುಡುಕಿ ಕೊಟ್ಟ ಪುಸ್ತಕ ಮಗ ಎಂತಾದ ಅಂತಲೂ ಹೇಳಿಯೇ ಹೇಳುತ್ತದೆ ಅಂತ ಅವಳು ತಿಳಿದಳು. ಲೋಕದ ಯುದ್ಧ ಎಲ್ಲ ಉಂಟಲ್ಲ ಇದರಲ್ಲಿ, ಅವನ ಯುದ್ಧವೂ ಬರಬೇಕಲ್ಲ ಅಂದಳು. ಯಾವಾಗ ಬರುತ್ತದೆ ಅಂತ ಕೇಳಿದಳು. ಕೊನೆಯಲ್ಲಿ ಅಂದೆ. ಆವತ್ತಿನಿಂದ ಅವಳು ಬಾಗಿಲ ಹತ್ತಿರದ ಜಾಗ ಬಿಟ್ಟು, ಎಲೆಯ ಬುಟ್ಟಿ ಎತ್ತಿಕೊಂಡು ಬಂದು ನನ್ನ ಬೆನ್ನ ಹಿಂದೆ ಕೂತಳು. ಪುಸ್ತಕ ಕಾಣಬೇಕಂತೆ. ಓದಲು ಬಾರದವಳಿಗೆ ಏನು ಕಾಣುತ್ತದೆ, ಕಪ್ಪು ಇರುವೆ ಸಾಲು ಅಂತ ನಾನು ತಮಾಷೆ ಮಾಡಿದೆ. ಇರಲಿ ಅಂದಳು. ಮೂರು ಗಂಟೆಗೆ ನನಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡುವುದು ಶುರು ಮಾಡಿದಳು.

ಅವಳಿಗೆ ಯಾಕೆ ಅಷ್ಟು ಗರಜು ಅಂತ ಒಂದು ದಿನ ಬೆಲ್ಲ ಕೊಡುವಾಗ ಅವಳೇ ಹೇಳಿದಳು. ನಮ್ಮಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಬಾಳೆಲೆ ಹಾಕಿ ಬಡಿಸುವ ಕ್ರಮ ಉಂಟು. ಒಬ್ಬೊಬ್ಬರಿಗೆ ಒಂದೊಂದು ಎಲೆ. ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವುದು. ಅವರು ಉಂಡ ಮೇಲೆ ಮನೆಯವರು ಅದೇ ಎಲೆಯಲ್ಲಿ ಉಣ್ಣುವುದು. ಅಮ್ಮಣ್ಣಿ ಪ್ರತಿ ಆಟಿಯಲ್ಲಿ ಅತ್ತೆಗೆ, ಮಾವನಿಗೆ, ಗಂಡನಿಗೆ ಎಲೆ ಹಾಕುತ್ತಾಳೆ. ನಾಲ್ಕನೆಯ ಎಲೆ ತೊಳೆದು ಕೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಬದುಕಿದ್ದವನಿಗೆ ಎಲೆ ಹಾಕಿದರೆ ಅವನ ಆಯುಷ್ಯಕ್ಕೆ ಕತ್ತರಿ. ಸತ್ತವನಿಗೆ ಹಾಕದೆ ಹೋದರೆ ಅವನು ಹಸಿದುಕೊಂಡು ಅಂಗಳದ ಆಚೆ ನಿಂತಿರುತ್ತಾನೆ. ಪ್ರತಿ ವರ್ಷ ಆ ಎಲೆಯನ್ನು ಹಾಕದೆ ಮಡಿಸಿ ದನಕ್ಕೆ ಕೊಟ್ಟಿದ್ದಾಳೆ. ಹದಿನಾಲ್ಕು ವರ್ಷದ ಹಸಿವೋ ಏನೋ, ಯಾರಿಗೆ ಗೊತ್ತು ಅಂದಳು. ಹೇಳುವಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ, ಪೇಟೆಗೆ ಹೋಗಿ ಬಂದ ಸುದ್ದಿ ಹೇಳಿದ ಹಾಗೆ ಹೇಳಿದಳು.

ಆ ಸಂಜೆ ನಾನು ಮೊದಲೇ ಮಾಡಬೇಕಿದ್ದದ್ದನ್ನು ಮಾಡಿದೆ. ಪುಸ್ತಕದ ಕೊನೆ ತೆಗೆದು ನೋಡಿದೆ. ಯುರೋಪಿನ ಆಕಾಶದಲ್ಲಿ ಯುದ್ಧದ ಮೋಡಗಳು ಮತ್ತೆ ಕವಿಯುತ್ತಿವೆ ಅಂತ ಕೊನೆಯ ಸಾಲು. ಅದರ ನಂತರ ಒಂದು ಖಾಲಿ ಹಾಳೆ, ಆಮೇಲೆ ರಟ್ಟು. ಮೊದಲ ಪುಟಕ್ಕೆ ಹೋಗಿ ಮುದ್ರಣದ ಇಸವಿ ನೋಡಿದೆ. ಸಾವಿರದ ಒಂಬೈನೂರ ಮೂವತ್ತೆಂಟು. ರಮಾನಾಥನ ಯುದ್ಧ ಶುರುವಾಗುವ ಮೊದಲೇ ಪುಸ್ತಕ ಮುಗಿದಿತ್ತು.

ನಾಳೆ ಹೇಳುತ್ತೇನೆ ಅಂದುಕೊಂಡೆ. ಹೇಳಲಿಲ್ಲ. ಬೆಲ್ಲ ತಪ್ಪೀತು ಅಂತಲ್ಲ. ಸುಳ್ಳು ಯಾಕೆ, ಅದೂ ಇತ್ತು. ನನ್ನ ತಾಯಿ ಸತ್ತ ಮೇಲೆ ನನಗೆ ಹಸಿವಾಯಿತಾ ಅಂತ ಕೇಳಿದವರು ಯಾರೂ ಇರಲಿಲ್ಲ. ಕೈ ಹೋದ ಮೇಲೆ ಹೆಣ್ಣು ಕೊಡುವವರೂ ಇರಲಿಲ್ಲ. ಮೂರು ಗಂಟೆಗೆ ಒಬ್ಬಳು ಬೆನ್ನ ಹಿಂದಿನಿಂದ ಚೊಂಬು ಚಾಚುವುದು ನನಗೆ ಬೇಕಾಗಿತ್ತು. ಪುಸ್ತಕ ಮುಗಿಯಲು ಇನ್ನೂ ಐದು ಸಾವಿರ ವರ್ಷ ಉಂಟಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಐದು ಸಾವಿರ ವರ್ಷ ಓದಲು ಎರಡು ವರ್ಷ ಹಿಡಿಯಿತು. ಈಜಿಪ್ಟಿನ ಗೋರಿಗಳ ಹತ್ತಿರ ಇರುವಾಗ ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿತು. ಬೆಳಿಗ್ಗೆ ಪೇಪರಿನಲ್ಲಿ ಅದನ್ನು ಓದಿದೆ, ಮಧ್ಯಾಹ್ನ ಗೋರಿ ಓದಿದೆ. ಬೀಡಿ ಕಟ್ಟುವ ನೂಲು ಬದಲಾಗಲಿಲ್ಲ. ಒಬ್ಬ ರಾಜ ಏಳುವುದು, ಹತ್ತು ಊರು ಸುಡುವುದು, ಸಾಯುವುದು. ಇನ್ನೊಬ್ಬ ಏಳುವುದು. ಶುರುವಿನಲ್ಲಿ ನಮ್ಮವರು ತ್ಚು ತ್ಚು ಅನ್ನುತ್ತಿದ್ದರು. ಒಂದು ಪಟ್ಟಣದ ಗಂಡಸರನ್ನೆಲ್ಲ ಕೊಂದು ತಲೆಗಳನ್ನು ಬಾಗಿಲ ಮುಂದೆ ರಾಶಿ ಹಾಕಿದರು ಅಂತ ಓದಿದಾಗ ಒಬ್ಬ ಎದ್ದು ಹೊರಗೆ ಹೋಗಿದ್ದ. ಆರು ತಿಂಗಳು ಕಳೆಯುವಾಗ ಅದೆಲ್ಲ ನಿಂತಿತು. ಒಂದು ಲಕ್ಷ ಜನ ಸತ್ತರು ಅಂತ ಓದಿದರೂ ಒಬ್ಬನ ಕೈಯಿಂದ ಒಂದು ಬೀಡಿ ಜಾರುತ್ತಿರಲಿಲ್ಲ. ಮಮ್ಮು ಮಾತ್ರ ಒಮ್ಮೆ, ಇಷ್ಟು ಹೆಣ ಹೂಳಲಿಕ್ಕೆ ಜಾಗ ಎಲ್ಲಿತ್ತು ಅಂತ ಕೇಳಿದ. ಪುಸ್ತಕದಲ್ಲಿ ಬರೆದಿರಲಿಲ್ಲ.

ನನಗೂ ಹಾಗೆಯೇ ಆಯಿತು. ಬಾಯಿ ಓದುತ್ತಿತ್ತು, ಒಳಗೆ ಏನೂ ತಾಗುತ್ತಿರಲಿಲ್ಲ. ಗ್ರೀಸು, ರೋಮು, ಮಂಗೋಲರು, ವಿಜಯನಗರ, ಎಲ್ಲ ಒಂದೇ ಗಂಜಿ. ಬೆನ್ನ ಹಿಂದೆ ಕತ್ತರಿಯ ಸದ್ದು ಮಾತ್ರ ತಪ್ಪದೆ ಕೇಳುತ್ತಿತ್ತು, ಕಚಕ್, ಕಚಕ್. ಎರಡು ಆಟಿ ಅದರ ನಡುವೆ ಕಳೆಯಿತು. ಎರಡು ಸಲವೂ ಅವಳು ನಾಲ್ಕನೆಯ ಎಲೆಯನ್ನು ದನಕ್ಕೆ ಹಾಕಿದಳು. ಈ ವರ್ಷ ಬೇಡ, ಪುಸ್ತಕ ಹೇಳಲಿ, ಇಷ್ಟು ದಿನ ಕಾದದ್ದಲ್ಲವಾ ಅಂತ ನನ್ನ ಹತ್ತಿರ ಹೇಳಿದಳು. ನಾನು ಹೂಂ ಅಂದೆ. ಆ ಹೂಂಗೆ ನನ್ನ ನಾಲಿಗೆ ಕೀಳಬೇಕಿತ್ತು.

ಐವತ್ತೆಂಟರ ಮೇ ತಿಂಗಳಲ್ಲಿ ಹದಿನಾಲ್ಕನೆಯ ಇಸವಿಯ ದೊಡ್ಡ ಯುದ್ಧ ಬಂತು. ಅದರಲ್ಲಿ ಒಂದು ಪ್ಯಾರಾ ಎರಡು ನದಿಗಳ ನಾಡಿನದ್ದೇ. ಹಿಂದೂಸ್ಥಾನದಿಂದ ಹೋದ ಸೈನ್ಯಕ್ಕೆ ಮುತ್ತಿಗೆ ಬಿದ್ದು, ಕುದುರೆಗಳನ್ನು ಕೊಂದು ತಿಂದು, ಕೊನೆಗೆ ಶರಣಾಗಿ, ಸೆರೆ ಸಿಕ್ಕವರು ಮರಳುಗಾಡಿನಲ್ಲಿ ನಡೆಯುತ್ತ ಸತ್ತರು ಅಂತ ಇತ್ತು. ಕತ್ತರಿಯ ಸದ್ದು ನಿಂತಿತು. ಇದುವಾ ಅಂತ ಅವಳು ಕೇಳಿದಳು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಮ್ಮುವಿನ ಕಟ್ಟಳೆ ಇತ್ತು. ಅಲ್ಲ, ಇದು ಅದಕ್ಕೆ ಮೊದಲಿನದು, ಆಗ ನಿಮ್ಮ ಮಗ ಹುಟ್ಟಿಯೇ ಇರಲಿಲ್ಲ ಅಂದೆ. ಕತ್ತರಿ ಮತ್ತೆ ಶುರುವಾಯಿತು. ಇನ್ನು ಮೂವತ್ತು ಪುಟ ಉಳಿದಿತ್ತು. ಆಟಿಗೆ ಎರಡು ತಿಂಗಳು.

ಅಡಕತ್ತರಿಯ ನಡುವೆ ಸಿಕ್ಕಿದ ಅಡಿಕೆಯ ಹಾಗಾಯಿತು ನನ್ನ ಅವಸ್ಥೆ. ಒಂದು ಆದಿತ್ಯವಾರ ಪುತ್ತಿಗೆಗೆ ಹೋದೆ. ವೆಂಕಟೇಶ್ವರ ಭಟ್ಟರು ಜಗಲಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಮುಂದಿನ ಯುದ್ಧ ಇರುವ ಪುಸ್ತಕ ಉಂಟಾ ಅಂತ ಕೇಳಿದೆ. ಯಾಕೆ ಅಂದರು. ಎಲ್ಲವನ್ನೂ ಹೇಳಿದೆ, ಎರಡು ವರ್ಷ ಗೊತ್ತಿದ್ದೂ ಸುಮ್ಮನಿದ್ದದ್ದು ಸೇರಿ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಇನ್ನು ನೂರು ಪುಸ್ತಕ ಬಂದರೂ ಅವನ ಹೆಸರು ಬರುವುದಿಲ್ಲ ಮುಂಡಪ್ಪ. ರಸ್ತೆ ಮಾಡಿದವರನ್ನು ಯಾರು ಬರೆಯುತ್ತಾರೆ? ರಸ್ತೆಯಲ್ಲಿ ಹೋದವರನ್ನು ಬರೆಯುತ್ತಾರೆ."

ಬದುಕಿರಬಹುದಾ ಅಂತ ಕೇಳಿದೆ. ಹದಿನಾರು ವರ್ಷ ತಾಯಿಗೆ ಒಂದು ಕಾರ್ಡು ಬರೆಯದ ಮಗ ಬದುಕಿದ್ದರೆ ಅದು ಸತ್ತದ್ದಕ್ಕಿಂತ ಕಡೆ ಅಂದರು. ಆಮೇಲೆ ಪುಸ್ತಕ ಯಾವಾಗ ವಾಪಸು ಕೊಡುತ್ತಿ ಅಂತ ಕೇಳಿದರು. ಮುಗಿದ ಕೂಡಲೇ ಅಂದೆ. ಸಂಜೆಯ ಬಸ್ಸಿನಲ್ಲಿ ಸಿದ್ದಕಟ್ಟೆ ದಾಟುವಾಗ ನಾನು ಏನು ಮಾಡುತ್ತೇನೆ ಅಂತ ನನಗೆ ಗೊತ್ತಾಗಿತ್ತು. ಭಯವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಹಲ್ಲು ಕೀಳಿಸಲು ಹೊರಟವನ ಹಾಗೆ ಕೂತಿದ್ದೆ. ಪುಸ್ತಕದ ಭಾಷೆಯಲ್ಲಿ ಎರಡು ಸಾಲು ಕಟ್ಟಿ ಬಾಯಿಪಾಠ ಮಾಡಿಕೊಂಡೆ.

ಜುಲೈ ತಿಂಗಳ ಒಂದು ಬುಧವಾರ ಕೊನೆಯ ಪುಟ ಬಂತು. ಅಮ್ಮಣ್ಣಿಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಯುದ್ಧದ ಮೋಡಗಳು ಮತ್ತೆ ಕವಿಯುತ್ತಿವೆ ಅಂತ ಓದಿದೆ. ಹಾಳೆ ತಿರುಗಿಸಿದೆ. ಬಿಳಿ ಹಾಳೆಯ ಮೇಲೆ ಕಣ್ಣಿಟ್ಟು ಮುಂದೆ ಓದಿದೆ.

"ಈ ಎರಡನೆಯ ಮಹಾಯುದ್ಧದಲ್ಲಿ ಎರಡು ನದಿಗಳ ನಾಡಿಗೆ ಕೂಲಿಗಳಾಗಿ ಹೋದ ನಮ್ಮ ಕರಾವಳಿಯ ತರುಣರು ವಿಷಮಜ್ವರದಿಂದ ಕಾಲವಶರಾದರು. ಅವರನ್ನು ಖರ್ಜೂರದ ತೋಪಿನಲ್ಲಿ, ನದಿಯ ದಡದಲ್ಲಿ ಸಕಲ ಮರ್ಯಾದೆಯಿಂದ ಮಣ್ಣು ಮಾಡಲಾಯಿತು."

ಎರಡು ವರ್ಷದಲ್ಲಿ ಮೊದಲ ಸಲ ನಲವತ್ತು ಜೊತೆ ಕೈ ನಿಂತಿತು. ಲಕ್ಷ ಲಕ್ಷ ಜನ ಸತ್ತಾಗ ನಿಲ್ಲದ ಕೈ. ಒಬ್ಬನ ಮಡಿಲಿನಿಂದ ನೂಲಿನ ಉಂಡೆ ಜಾರಿ ನೆಲದಲ್ಲಿ ಉರುಳಿ ಹೋದದ್ದನ್ನು ಯಾರೂ ಎತ್ತಲಿಲ್ಲ. ಬೆನ್ನ ಹಿಂದಿನಿಂದ ಅಮ್ಮಣ್ಣಿ ಕೇಳಿದಳು.

"ಎಲ್ಲರೂ ಅಂತ ಉಂಟಾ ಅದರಲ್ಲಿ?"

ಇದನ್ನು ನಾನು ಬಾಯಿಪಾಠ ಮಾಡಿರಲಿಲ್ಲ. ಎಲ್ಲರೂ ಅನ್ನುವ ಶಬ್ದ ಹಾಕಲು ಬಸ್ಸಿನಲ್ಲಿ ನೆನಪಾಗಿರಲಿಲ್ಲ. ತಿರುಗಿ ನೋಡುವ ಧೈರ್ಯ ಇರಲಿಲ್ಲ. ಹಾಳೆ ನೋಡಿಕೊಂಡೇ ಹೇಳಿದೆ.

"ಉಂಟು. ಎಲ್ಲರೂ ಅಂತ ಉಂಟು."

ಅವಳು ಅಳಲಿಲ್ಲ. ಕಚಕ್ ಅಂತ ಮತ್ತೆ ಕತ್ತರಿಯ ಸದ್ದು ಕೇಳಿತು. ಮಮ್ಮು ಮೊದಲು ಕೈ ಆಡಿಸಿದ, ಆಮೇಲೆ ಉಳಿದವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ಗಂಟೆಗೆ ಅವಳು ಬೆಲ್ಲ ಕೊಟ್ಟಳು, ನಾನು ತಿಂದೆ. ಸಂಜೆ ನನ್ನ ಪಾಲಿನ ಬೀಡಿ ಒಟ್ಟು ಮಾಡುವಾಗ ಮಮ್ಮು ತನ್ನ ಕಟ್ಟು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ಇವನಿಗೆ ಗೊತ್ತಾಗಿದೆ, ಈಗ ಹೇಳುತ್ತಾನೆ ಅಂದುಕೊಂಡೆ. ಅವನು ಕಟ್ಟನ್ನು ತಡಪೆಗೆ ಹಾಕಿ ನಮಾಜಿಗೆ ಹೊರಟ.

ಒಂದು ವಾರ ಕಳೆದು ಅಮ್ಮಣ್ಣಿ, ಗುರುವಾರ ಸಂಜೆ ಮನೆಗೆ ಬಾ ಅಂದಳು. ಆಟಿಯ ಬಡಿಸುವುದು ಉಂಟು, ರಮಾನಾಥನನ್ನು ಕರೆಯಬೇಕಾದವ ನೀನೇ, ಸುದ್ದಿ ತಂದವನೇ ಮೊದಲ ಸಲ ಕರೆಯಬೇಕು ಅಂದಳು. ಅಂಥ ಕಟ್ಟಳೆ ನಮ್ಮಲ್ಲಿ ಎಲ್ಲಿಯೂ ಇಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಉತ್ತರಕ್ರಿಯೆ ಆಗದೆ ಎಲೆ ಹಾಕಬಹುದಾ ಅಂತ ತಪ್ಪಿಸಿಕೊಳ್ಳಲು ನೋಡಿದೆ. ಅದೆಲ್ಲ ಆಮೇಲೆ, ಮೊದಲು ಅವನು ಉಣ್ಣಲಿ ಅಂದಳು. ಬರುವಾಗ ಒಂದು ಕಟ್ಟು ಬೀಡಿ ತಾ ಅಂತಲೂ ಹೇಳಿದಳು. ಹೋಗುವಾಗ ಅವನು ಸೇದುತ್ತಿರಲಿಲ್ಲ, ಅಲ್ಲಿ ಹೋಗಿ ಕಲಿತಿರಬಹುದಂತೆ.

ಗುರುವಾರ ಹೊಳೆ ಕೆಂಪಾಗಿ ದಂಡೆ ಮುಟ್ಟಿತ್ತು. ಅವಳ ಮನೆ ಸೇತುವೆಯಿಂದ ಸ್ವಲ್ಪ ಮೇಲೆ, ಒಂದು ಕೋಣೆ, ಒಂದು ಜಗಲಿ, ಹಿಂದೆ ಒಲೆ. ಕೋಣೆಯಲ್ಲಿ ದೀಪ ಹಚ್ಚಿ ನಾಲ್ಕು ಎಲೆ ಹಾಕಿದ್ದಳು. ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ, ರೊಟ್ಟಿ, ಸಣ್ಣ ಕುಡಿಕೆಯಲ್ಲಿ ಕಳ್ಳು, ವೀಳ್ಯದೆಲೆ. ನಾಲ್ಕನೆಯ ಎಲೆ ಉಳಿದ ಮೂರಕ್ಕಿಂತ ದೊಡ್ಡದಿತ್ತು. ಅದರ ತುದಿಯಲ್ಲಿ ನಾನು ತಂದ ಬೀಡಿಯಿಂದ ಎರಡು ತೆಗೆದು ಇಟ್ಟಳು, ಪಕ್ಕಕ್ಕೆ ಬೆಂಕಿಪೆಟ್ಟಿಗೆ. ಅತ್ತೆ, ಮಾವ, ಗಂಡ ಮೂವರನ್ನೂ ಅವಳೇ ಕರೆದಳು. ಆಮೇಲೆ ನನ್ನನ್ನು ನೋಡಿದಳು.

ನಾನು ಎರಡು ವರ್ಷ ಲೋಕದ ರಾಜರನ್ನೆಲ್ಲ ದೊಡ್ಡ ಗಂಟಲಿನಲ್ಲಿ ಕರೆದವನು. ಆ ಒಂದು ಹೆಸರು ಹೊರಡಿಸಲು ಕಷ್ಟವಾಯಿತು. ಅವನು ಎಲ್ಲಿಯಾದರೂ ಬದುಕಿದ್ದು, ಎಲ್ಲಿಯೋ ಚಹಾ ಕುಡಿಯುತ್ತ ಕೂತಿದ್ದು, ನಾನು ಇಲ್ಲಿ ಬಾಯಿ ತೆರೆದ ಕೂಡಲೇ ಅಲ್ಲಿ ಲೋಟ ಜಾರಿದರೆ? ಅಂಥ ಹುಚ್ಚು ಯೋಚನೆ ಬಂತು. ಆದರೂ ಕರೆದೆ. ರಮಾನಾಥಾ, ಬಾ, ಬಂದು ಉಣ್ಣು ಅಂತ ಮೂರು ಸಲ ಹೇಳಿದೆ. ಅವಳು ಬಾಗಿಲು ಎಳೆದಳು. ಇಬ್ಬರೂ ಜಗಲಿಯಲ್ಲಿ ಕೂತೆವು.

ಒಳಗೆ ಸದ್ದಿಲ್ಲ. ಹೊಳೆಯ ಸದ್ದು ಮಾತ್ರ. ಅವಳು ವೀಳ್ಯಕ್ಕೆ ಸುಣ್ಣ ಹಚ್ಚುತ್ತ, ಹೊಳೆ ನೋಡುತ್ತ, ಯಾವುದೋ ಬೇರೆ ವಿಷಯ ಎತ್ತಿದವಳ ಹಾಗೆ ಮಾತಾಡಿದಳು.

"ಎರಡು ವರ್ಷ ನಿನ್ನ ಬೆನ್ನ ಹಿಂದೆ ಕೂತಿದ್ದೆ ಮುಂಡಪ್ಪ. ನನಗೆ ಅಕ್ಷರ ಗೊತ್ತಿಲ್ಲ. ಆದರೆ ಕಪ್ಪು ಯಾವುದು, ಬಿಳಿ ಯಾವುದು ಅಂತ ಗೊತ್ತಾಗುವುದಿಲ್ಲವಾ? ಅವನ ವಿಷಯ ನೀನು ಓದಿದ ಹಾಳೆಯಲ್ಲಿ ಏನೂ ಇರಲಿಲ್ಲ."

ಕಾಲಿಗೆ ಬೀಳಬೇಕು ಅನ್ನಿಸಿತು. ಹಾಗಾದರೆ ಎಲೆ ಯಾಕೆ ಹಾಕಿದಿರಿ ಅಮ್ಮಣ್ಣಕ್ಕ ಅಂತ ಕೇಳಿದೆ.

"ಸತ್ತ ಅಂತ ಹೆತ್ತವಳು ಹೇಳ್ಲಿಕ್ಕೆ ಆಗ್ತದಾ ಮಗಾ? ಹದಿನಾರು ವರ್ಷ ಆಯ್ತು, ನನಗೆ ಗೊತ್ತುಂಟು. ಗೊತ್ತಿದ್ದರೆ ಆಯ್ತಾ? ಬೇರೆಯವರ ಬಾಯಲ್ಲಿ ಬರಬೇಕಿತ್ತು. ಊರಲ್ಲಿ ಯಾರೂ ಹೇಳಲಿಲ್ಲ. ಎಲ್ಲರೂ ಬರ್ತಾನೆ, ಬರ್ತಾನೆ ಅಂದರು. ನೀನೊಬ್ಬ ಹೇಳಿದ್ದಿ."

ವೀಳ್ಯ ಮಡಿಸಿ ಬಾಯಿಗೆ ಹಾಕಿಕೊಂಡಳು. ಎಲ್ಲರೂ ಅಂತ ಉಂಟಾ ಅಂತ ಅವಳು ಯಾಕೆ ಕೇಳಿದ್ದಳು ಅಂತ ನನಗೆ ಈಗ ಗೊತ್ತಾಯಿತು. ನಾನು ಅರ್ಧ ಹೇಳಿ ನಿಲ್ಲಿಸುತ್ತೇನೋ, ಪೂರ್ತಿ ಹೇಳುತ್ತೇನೋ ಅಂತ ನೋಡಿದ್ದಳು. ಒಂದು ವೇಳೆ ಅವನು ಬದುಕಿದ್ದರೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ ಅದಕ್ಕೂ ಹೇಳಿದಳು. ಬದುಕಿದ್ದರೆ ಪಾಪ ಅರ್ಧ ನಿನಗೆ, ಅರ್ಧ ನನಗೆ, ನನ್ನ ಪಾಲು ನಾನು ಹೊರುತ್ತೇನೆ ಅಂದಳು.

ಆಮೇಲೆ ಎದ್ದು, ಬಾಗಿಲಿಗೆ ಎರಡು ಸಲ ತಟ್ಟಿ, ದೂಡಿದಳು. ದೀಪ ಉರಿಯುತ್ತಿತ್ತು. ನಾಲ್ಕು ಎಲೆ ಇಟ್ಟ ಹಾಗೆಯೇ ಇದ್ದವು. ಅವಳು ನಾಲ್ಕನೆಯದರ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ಉಂಡಿದ್ದಾನೆ ಅಂದಳು. ತಾನು ಗಂಡನ ಎಲೆಯ ಮುಂದೆ ಕೂತು, ನಾಲ್ಕನೆಯದನ್ನು ನನ್ನ ಕಡೆಗೆ ಸರಿಸಿದಳು.

"ಕೂತುಕೋ. ತಣ್ಣಗಾಗ್ತದೆ."

ಮನೆಯವರು ಉಣ್ಣಬೇಕಾದ ಎಲೆ ಅದು. ನಾನು ಮನೆಯವನಲ್ಲ ಅಂತ ಹೇಳಬೇಕಿತ್ತು. ಕೂತೆ. ಬಲಗೈಯ ಎರಡು ಬೆರಳಿನಿಂದ ಅನ್ನ ಎತ್ತಲು ಆಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಎದ್ದು ಬಂದು ಪದಾರ್ಥ ಕಲಸಿ, ಉಂಡೆ ಮಾಡಿ ಎಲೆಯ ಮೇಲೆ ಇಟ್ಟು ಹೋದಳು. ಕೋಳಿ ಪದಾರ್ಥಕ್ಕೆ ಉಪ್ಪು ಹೆಚ್ಚಿತ್ತೋ ಕಡಿಮೆ ಇತ್ತೋ ನನಗೆ ಗೊತ್ತಾಗಲಿಲ್ಲ. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡೆ.